ಹೊಲಿಗೆಗೆ ಬಿಟ್ಟ ಅಂಚು

ಊರಂಚಿನ ಆ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ಕೇಳುತ್ತಿದ್ದದ್ದು ಬಸ್ ನಿಲ್ದಾಣ ಎಲ್ಲಿ ಅಂತ. ಉತ್ತರ ಸುಲಭ. ಬೀದಿಯ ಕೊನೆಗೆ ನಿಂತು ಗೋಡೆಯ ಮೇಲಿಂದ ನೋಡಿದರೆ, ಆಚೆಯ ಮುಳ್ಳುಪೊದೆಗಳನ್ನು ದಾಟಿ, ನಿಲ್ದಾಣದ ನೀಲಿ ತಗಡಿನ ಚಾವಣಿ ಕಣ್ಣಿಗೆ ಬೀಳುತ್ತಿತ್ತು. ಅವರ ಎರಡನೆಯ ಪ್ರಶ್ನೆ, ಅಲ್ಲಿಗೆ ಹೋಗುವುದು ಹೇಗೆ ಅಂತ. ಅದಕ್ಕೆ ಬೀದಿಯವರು ನಗುತ್ತಿದ್ದರು. ಸುತ್ತು ಹಾಕಿ ನಡೆದರೆ ಅರ್ಧ ಗಂಟೆ.

ಕೊನೆಯ ಮನೆಯ ಮುಂದೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಮುದುಕರಿಗೆ ಮಾತ್ರ ಈ ಪ್ರಶ್ನೆ ಎಂದರೆ ಪ್ರಾಣ. ಸರ್ವೆಯವರ ಜೊತೆ ನಲವತ್ತು ವರ್ಷ ಹೊಲ ಅಳೆಯುವ ಸರಪಳಿ ಎಳೆದವರು ಅವರು. ಬೀದಿಗೆಲ್ಲ ಸರಪಳಿ ತಾತ.

"ಮೊದಲು ಎಡಕ್ಕೆ ಹೋಗಿ. ಅಲ್ಲಿ ರಸ್ತೆ ಹೊಟ್ಟೆ ಉಬ್ಬಿಸ್ಕೊಂಡಿದೆ ನೋಡಿ, ಅಲ್ಲೊಂದು ಬಾವಿ ಇತ್ತು. ಬಾವಿ ಮುಚ್ಚಿದ್ರು, ಸುತ್ತು ಹಾಗೇ ಉಳೀತು. ಮುಂದೆ ರಸ್ತೆ ಮೆಟ್ಟಿಲು ಮೆಟ್ಟಿಲಾಗಿ ಮೂರು ಸಲ ತಿರುಗುತ್ತೆ. ಅದ್ಯಾಕೆ ಗೊತ್ತಾ? ಮೂರು ಜನ ಮೂರು ವರ್ಷದಲ್ಲಿ ಹೊಲ ಮಾರಿದ್ರು. ಒಬ್ಬೊಬ್ಬನೂ ತನ್ನ ಪಟ್ಟೀಲಿ ತನಗೆ ಬೇಕಾದ ಕಡೆ ರಸ್ತೆ ಬಿಟ್ಟ. ಪಕ್ಕದವನ ರಸ್ತೆ ಎಲ್ಲಿದೆ ಅಂತ ಒಬ್ಬನಾದ್ರೂ ಬಗ್ಗಿ ನೋಡ್ಲಿಲ್ಲ! ನನ್ನ ಅಳತೆ ಒಂದು ಬೆರಳೂ ಆಚೀಚೆ ಆಗಿಲ್ಲ. ಸೊಟ್ಟ ಇದ್ದದ್ದು ಜನ, ಸರಪಳಿ ಅಲ್ಲ."

ಅಷ್ಟರಲ್ಲಿ ಒಳಗಿಂದ ಸೊಸೆಯ ದನಿ ಬರುತ್ತಿತ್ತು: "ಮಾವ, ಅವರಿಗೆ ಬಸ್ಸು ತಪ್ಪುತ್ತೆ."

ಬಾವಿಯ ಕಥೆ, ಮೂರು ಪಟ್ಟಿಯ ಕಥೆ, ಎಲ್ಲೂ ಹೋಗದೆ ಯಾರದೋ ದನದ ಕೊಟ್ಟಿಗೆಯ ಮುಂದೆ ನಿಂತುಬಿಡುವ ರಸ್ತೆಯ ಕಥೆ, ಎಲ್ಲವನ್ನೂ ಅವರು ಬಾಯಿ ತುಂಬ ಹೇಳುವರು. ಬೀದಿಯ ಕೊನೆಯ ಗೋಡೆಯ ಮಾತು ಬಂದರೆ ಮಾತ್ರ, "ಅದು ಅಣ್ಣ ತಮ್ಮಂದಿರ ಜಗಳ, ಬಿಡಿ" ಎಂದು ಅಷ್ಟಕ್ಕೇ ಮುಗಿಸುವರು. ಗೋಡೆಯ ಈಚೆ ಅಣ್ಣನ ಹೊಲ, ಆಚೆ ತಮ್ಮನದು. ಇಬ್ಬರೂ ಬೇರೆ ಬೇರೆಯಾಗಿ ಬಡಾವಣೆ ಮಾಡಿ, ಒಬ್ಬರ ಮುಖ ಒಬ್ಬರು ನೋಡದೆ ತೀರಿಕೊಂಡಿದ್ದರು. ಅವರ ಮುನಿಸಿಗೆ ಸಂಬಂಧವೇ ಇಲ್ಲದ ನಾನೂರು ಮನೆಯವರು ದಿನಾ ಅರ್ಧ ಗಂಟೆ ನಡೆಯುತ್ತಿದ್ದರು.

ಸೊಸೆಗೆ ಬೀದಿಯಲ್ಲಿ ಯೂನಿಫಾರಂ ಅಕ್ಕ ಎಂದೇ ಹೆಸರು. ಹನ್ನೆರಡು ವರ್ಷ ಇನ್ನೊಬ್ಬರ ಶೆಡ್ಡಿನಲ್ಲಿ, ಸೂಪರ್‌ವೈಸರನ ಕೆಮ್ಮಿಗೂ ಹೆದರಿ ಹೊಲಿದವಳು, ಮೂರು ವರ್ಷದ ಹಿಂದೆ ಮನೆಯ ಮುಂದಿನ ಕೋಣೆಯಲ್ಲಿ ಮೂರು ಮಿಷನ್ ಹಾಕಿದಳು. ಎರಡು ಶಾಲೆಯ ಸಮವಸ್ತ್ರ ಅವಳದೇ. ಪಕ್ಕದ ಬೀದಿಯ ಇಬ್ಬರು ಹೆಂಗಸರು ಅವಳ ಜೊತೆ ಹೊಲಿಯಲು ಬರುತ್ತಿದ್ದರು. ಹತ್ತಡಿ ಅಗಲದ ಕೋಣೆ. ಕತ್ತರಿಸುವ ಮೇಜು ಹಾಕಿದರೆ ಓಡಾಡಲು ಸೊಂಟ ಓರೆ ಮಾಡಬೇಕು. ಆದರೂ ಬೆಳಿಗ್ಗೆ ಆ ಕೋಣೆಯ ಬೀಗ ತೆಗೆಯುವಾಗ ಅವಳಿಗೆ ಆಗುತ್ತಿದ್ದ ಖುಷಿ ಇಷ್ಟಿಷ್ಟಲ್ಲ.

ಗೋಡೆ ಒಡೆದು ಎರಡು ಬಡಾವಣೆಯ ರಸ್ತೆಗಳನ್ನು ಕೂಡಿಸುತ್ತಾರೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳೂ ಅವಳೇ. ಬಟ್ಟೆಯ ಗಂಟು ಹೊತ್ತು ಸುತ್ತು ಹಾಕುವ ಕಷ್ಟ ತಪ್ಪಿತಲ್ಲ! ವಾರ ಕಳೆಯುವುದರೊಳಗೆ ರಸ್ತೆ ಆಫೀಸಿನ ಇಬ್ಬರು ಬಂದು, ಕಾಗದ ನೋಡಿ, ಟೇಪು ಹಿಡಿದು, ಅವಳ ಕೋಣೆಯ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೋದರು. ಕೈಗೆ ನೋಟೀಸು ಬಂತು. ಹೊಸ ರಸ್ತೆಗೆ ಮನೆಯ ಮುಂಭಾಗದ ಹನ್ನೊಂದು ಅಡಿ ಬೇಕು. ತಕರಾರು ಇದ್ದರೆ ನಾಲ್ಕು ವಾರದೊಳಗೆ ಹೇಳಬೇಕು.

ಅವಳು ಎರಡು ಸಲ ಓದಿದಳು. ಕೋಣೆ ಇದ್ದದ್ದೇ ಹತ್ತಡಿ.

ಆ ಸಂಜೆ ಊಟಕ್ಕೆ ಕೂತಾಗ ಅನ್ನ ಬೆಂದಿರಲಿಲ್ಲ, ಬೇಳೆ ತಳ ಹಿಡಿದಿತ್ತು. ಕೊನೆಗೆ ಶಾಲೆಯ ವ್ಯಾನ್ ಓಡಿಸುವ ಗಂಡನೇ ಬಾಯಿ ಬಿಟ್ಟ.

"ಪರಿಹಾರ ಕೊಡ್ತಾರಂತೆ ಕಣೇ. ಬೇರೆ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿಯೋಣ."

"ನಾನು ಅಲ್ಲಿಗೆ ಹೋದ್ರೆ ಬೆಳಿಗ್ಗೆ ಮನೆ ಯಾರು ನೋಡ್ತಾರೆ? ಅತ್ತೆಗೆ ಮಂಡಿನೋವು, ನೀವು ಆರಕ್ಕೇ ವ್ಯಾನ್ ತೆಗೀತೀರಿ. ಒಲೆ ಮೇಲೆ ಅನ್ನ ಇಟ್ಟು ಮಿಷನ್ ತುಳಿಯೋಳು ನಾನು. ಮತ್ತೆ ಶೆಡ್ಡಿಗೆ ಹೋಗು ಅಂತ ನೇರವಾಗಿ ಹೇಳಿಬಿಡಿ."

"ಹಾಗಲ್ಲ. ಇಡೀ ಬೀದಿ ರಸ್ತೆ ಬೇಕು ಅಂತಿದೆ. ನಮ್ಮೊಬ್ಬರಿಂದ ನಿಂತ್ರೆ ಜನ ಮುಖಕ್ಕೆ ಉಗೀತಾರೆ."

"ರಸ್ತೆ ನನಗೂ ಬೇಕು! ನನ್ನ ಮಿಷನ್ ಮೇಲೇ ಯಾಕೆ ಹೋಗ್ಬೇಕು ಅಂತ ಕೇಳ್ತಿರೋದು. ಮಾವ, ನೀವಾದ್ರೂ ಹೇಳಿ. ನಮ್ಮ ರಸ್ತೆ ನೇರ ಇದೆ. ಆಚೆದೂ ನೇರ ಇತ್ತು ಅಂತೀರಿ. ಕೂಡಿಸಿದ್ರೆ ನಮ್ಮನೆ ಹೇಗೆ ಅಡ್ಡ ಬರುತ್ತೆ?"

ಬಾವಿ ಮುಚ್ಚಿದ ಕಥೆಯನ್ನು ಗಂಟೆಗಟ್ಟಲೆ ಹೇಳುವ ಮಾವ, ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಆಫೀಸಿನವರಿಗೆ ಗೊತ್ತಿರುತ್ತೆ" ಎಂದು ಕೈ ತೊಳೆಯಲು ಎದ್ದುಬಿಟ್ಟರು.

"ತಾತಂಗೆ ಹುಷಾರಿಲ್ವಾ?" ಎಂದು ಹದಿನಾಲ್ಕರ ಮಗಳು ಕೇಳಿದಳು. "ರಸ್ತೆ ಬಗ್ಗೆ ಕೇಳಿದ್ರೂ ಮಾತಾಡ್ಲಿಲ್ಲ!"

ಅತ್ತೆ ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿ, "ತಿನ್ನು ಸುಮ್ನೆ" ಎಂದರು. ಅವರ ಕಣ್ಣು ಮಾತ್ರ ಬಚ್ಚಲಿನ ಕಡೆಗೇ ಇತ್ತು.

ಎರಡು ವಾರ ಅಲೆದ ಮೇಲೆ ಸೊಸೆಗೆ ರಸ್ತೆ ಆಫೀಸಿನ ಇಂಜಿನಿಯರ್ ಸಿಕ್ಕ. ಇಂಜಿನಿಯರ್ ಚಿಕ್ಕ ವಯಸ್ಸಿನವನು, ಮಾತು ಮೃದು, ಆದರೆ ಮೇಜು ಬಿಟ್ಟು ಏಳುವ ಜಾತಿಯಲ್ಲ. ಬೀರುವಿನಿಂದ ಎರಡು ಹಳೇ ನಕ್ಷೆಗಳ ಪ್ರತಿ ತೆಗೆದು ಹರಡಿದ. ಒಂದು ಅಣ್ಣನ ಬಡಾವಣೆಯದು, ಇನ್ನೊಂದು ತಮ್ಮನದು. ಎರಡರ ಅಂಚಿಗೆ ಅಂಚು ಕೂಡಿಸಿ ಟೇಪು ಹಚ್ಚಿ, ಆಚೆಯ ರಸ್ತೆಯಿಂದ ಈಚೆಗೆ ಸ್ಕೇಲಿಟ್ಟು ಗೆರೆ ಎಳೆದಿದ್ದರು.

"ನೋಡಿ ಅಮ್ಮ, ಆಚೆ ರಸ್ತೆ ಹೀಗೆ ಬರುತ್ತೆ. ನಿಮ್ಮ ರಸ್ತೆ ಹನ್ನೊಂದು ಅಡಿ ಪಕ್ಕಕ್ಕಿದೆ. ನಾವೇನು ಮಾಡೋಕಾಗುತ್ತೆ?"

"ಗೋಡೆ ಆಚೆ ಹೋಗಿ ಅಳೆದ್ರಾ ಸಾರ್?"

"ಮುಳ್ಳುಪೊದೇಲಿ ಏನು ಅಳೆಯೋದು? ನಕ್ಷೆ ಇದೆಯಲ್ಲ."

ಅವಳು ಬಗ್ಗಿ ನೋಡಿದಳು. ಟೇಪಿನ ಎರಡೂ ಕಡೆ, ಒಂದೊಂದು ಹಾಳೆಯ ಅಂಚಿನಲ್ಲೂ, ಓರೆಯಾಗಿ ಹಾದುಹೋಗುವ ಜೋಡಿ ಗೆರೆ ಇತ್ತು. "ಇದೇನು ಸಾರ್?"

"ಕಾಲುವೆ. ಹಳೇದು. ಈಗಿಲ್ಲ."

"ಇದು?"

"ಅದೂ ಕಾಲುವೆ."

"ಪಕ್ಕಪಕ್ಕದಲ್ಲೇ ಎರಡು ಕಾಲುವೆ ಇದ್ವಾ?"

"ಇದ್ದಿರಬಹುದು" ಎಂದ ಇಂಜಿನಿಯರ್, ಗಡಿಯಾರ ನೋಡುತ್ತ. ಅವಳು ಎರಡು ಹಾಳೆಗಳ ಒಂದೊಂದು ಪ್ರತಿ ಕೇಳಿ ಪಡೆದಳು.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಯನ್ನು ಹಿಡಿದಳು. "ಅತ್ತೆ, ಇಲ್ಲಿ ಎಷ್ಟು ಕಾಲುವೆ ಇತ್ತು?"

"ಎಷ್ಟು ಅಂದ್ರೆ? ಒಂದೇ. ಅದರಲ್ಲೇ ಅಲ್ವಾ ನಾನು ಬಟ್ಟೆ ಒಗೀತಿದ್ದದ್ದು. ನಮ್ಮ ಹಿತ್ತಿಲು ಯಾಕೆ ಮೂರು ಮೂಲೆ ಆಗಿದೆ ಅಂದ್ಕೊಂಡಿದ್ದೀಯ? ಕಾಲುವೆ ಓರೆಗೆ ಕತ್ತರಿಸ್ಕೊಂಡು ಹೋಗಿದೆ."

ಹೊಲಿಗೆಯ ಕೋಣೆಗೆ ಬಂದರೆ ಪಟ್ಟೆಪಟ್ಟೆಯ ಬಟ್ಟೆಯ ರಾಶಿ ಬಿದ್ದಿತ್ತು, ಚಿಕ್ಕ ಮಕ್ಕಳ ಫ್ರಾಕಿಗೆ. ಅವಳು ನಿಂತಲ್ಲೇ ನಿಂತಳು. ಶೆಡ್ಡಿಗೆ ಸೇರಿದ ಮೊದಲ ವಾರ ಅವಳು ಮಾಡಿದ ತಪ್ಪು ನೆನಪಾಯಿತು. ಓರೆಯಾಗಿ ಕತ್ತರಿಸಿದ ಎರಡು ಪಟ್ಟೆ ಬಟ್ಟೆಯನ್ನು ಅಂಚಿಗೆ ಅಂಚು ಇಟ್ಟು ಕೂಡಿಸಿದ್ದಳು. ಪಟ್ಟೆಗಳೆಲ್ಲ ಹೊಲಿಗೆಯ ಹತ್ತಿರ ಮುರಿದು ಪಕ್ಕಕ್ಕೆ ಸರಿದಿದ್ದವು. ಹೊಲಿಗೆಗೆ ಅಂತ ಬಿಟ್ಟ ಅಂಚನ್ನು ಒಂದರ ಮೇಲೊಂದು ಇಡದೆ ಕೂಡಿಸಿದರೆ ಪಟ್ಟೆ ಎಲ್ಲಿ ಸೇರುತ್ತೆ ಎಂದು ಹಿರಿಯ ಹೆಂಗಸೊಬ್ಬಳು ತಲೆಗೆ ಮೊಟಕಿದ್ದಳು.

ಅವಳು ಎರಡೂ ನಕ್ಷೆಗಳನ್ನು ಕತ್ತರಿಸುವ ಮೇಜಿನ ಮೇಲೆ ಹಾಕಿದಳು. ಮೊದಲು ಆಫೀಸಿನವರಂತೆ ಅಂಚಿಗೆ ಅಂಚು ಇಟ್ಟಳು. ರಸ್ತೆ ಮುರಿಯಿತು. ಆಮೇಲೆ ಒಂದು ಕಾಲುವೆಯನ್ನು ಇನ್ನೊಂದು ಕಾಲುವೆಯ ಮೇಲೆ ಸರಿಯಾಗಿ ಕೂರಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಅಣ್ಣನ ರಸ್ತೆಯೂ ತಮ್ಮನ ರಸ್ತೆಯೂ ಒಂದೇ ಗೆರೆಯಾಗಿ ಕೂಡಿದವು. ಅವಳ ಕೋಣೆ ಪಕ್ಕದಲ್ಲಿ ಹಾಯಾಗಿ ಕೂತಿತ್ತು.

"ಮಾವ! ಬನ್ನಿ ಇಲ್ಲಿ!"

ಮಾವ ಬಂದರು. ಬೆಳಕಿಗೆ ಹಿಡಿದ ಹಾಳೆ ನೋಡಿದರು. ಮುಖದ ಬಣ್ಣ ಇಳಿದುಹೋಯಿತು. ಹೊರಗೆ ಹೋಗಿ, ಸ್ಟೂಲನ್ನು ಬೀದಿಗೆ ಬೆನ್ನು ಮಾಡಿ ಹಾಕಿಕೊಂಡು ಕೂತರು.

ಅವಳು ನಕ್ಷೆಗಳ ಜೊತೆಗೆ ಎರಡು ತುಂಡು ಪಟ್ಟೆ ಬಟ್ಟೆಯನ್ನೂ ಹಿಡಿದುಕೊಂಡು ಮತ್ತೆ ಆಫೀಸಿಗೆ ನಡೆದಳು. ಇಂಜಿನಿಯರ್ ಮೊದಲು ನಕ್ಕ. ಅವಳು ಬಟ್ಟೆಯನ್ನು ಒಂದು ಸಲ ಹಾಗೆ, ಒಂದು ಸಲ ಹೀಗೆ ಕೂಡಿಸಿ ತೋರಿಸಿದ ಮೇಲೆ ನಗು ನಿಂತಿತು. ಪಕ್ಕದ ಮೇಜಿನವನನ್ನೂ ಕರೆದು ತೋರಿಸಿದ.

"ನೀವು ಹೇಳೋದು ಇರಬಹುದು ಅಮ್ಮ. ಆದರೆ ಬಟ್ಟೆ ಇಟ್ಕೊಂಡು ನಕ್ಷೆ ತಿದ್ದೋಕಾಗಲ್ಲ. ಒಂದೇ ಕಾಲುವೇನ ಎರಡು ಕಡೆ ಬರೆದಿದ್ದಾರೆ ಅಂತ ಯಾರು ಹೇಳ್ತಾರೆ? ಅಳೆದ ಸರ್ವೆಯವರು ಇಬ್ಬರೂ ಈಗಿಲ್ಲ. ಗಡಿಕಲ್ಲು ಎಲ್ಲಿದೆ ಅಂತ ಗೊತ್ತಿರೋರು ಒಬ್ಬರು ಸಿಕ್ಕರೆ, ನಾನೇ ಅಳತೆ ಮಿಷನ್ ತಗೊಂಡು ಬರ್ತೀನಿ. ಬರೋ ಶುಕ್ರವಾರ ಕೊನೇ ದಿನ."

ಸಂಜೆ ಅವಳು ಇದನ್ನು ಹೇಳಿದಾಗ ಅತ್ತೆ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. ನಲವತ್ತೈದು ವರ್ಷ ಗಂಡನ ಮಾನ ಕಾಪಾಡಿಕೊಂಡು ಬಂದ ಹೆಂಗಸಿಗೆ ಇವತ್ತು ಯಾಕೋ ಸಾಕು ಎನ್ನಿಸಿರಬೇಕು.

"ಸರ್ವೆಯವರು ಇಬ್ಬರು. ಸರಪಳಿ ಹಿಡಿದಿದ್ದು ಒಬ್ಬರೇ. ಅವರು ಯಾರು ಅಂತ ಮನೇಲೇ ಕೇಳು" ಎಂದರು.

ಸೊಸೆ ಮಾವನ ಮುಂದೆ ಹೋಗಿ ನಿಂತಳು. ಮದುವೆಯಾಗಿ ಬಂದ ಮೇಲೆ ಅವರೆದುರು ದನಿ ಎತ್ತಿದವಳಲ್ಲ. ಇವತ್ತು ಎತ್ತಿದಳು.

"ನಿಮಗೆ ಮೊದಲೇ ಗೊತ್ತಿತ್ತು. ಕೆಂಪು ಗೀಟು ಎಳೆದ ದಿನವೇ ಗೊತ್ತಿತ್ತು ಅಲ್ವಾ ಮಾವ?"

"ಗೊತ್ತಿತ್ತು."

"ಮೂರು ವಾರ ನಾನು ಒದ್ದಾಡ್ತಿದ್ದೀನಿ. ದಿನಾ ನನ್ನ ಕೈಯಲ್ಲೇ ಊಟ ಮಾಡ್ತೀರಿ. ಒಂದು ಮಾತು ಹೇಳೋಕಾಗಲಿಲ್ವಾ?"

"ಏಯ್, ಅಪ್ಪನ ಹತ್ತಿರ ಹೀಗಾ ಮಾತಾಡೋದು?" ಎಂದು ಗಂಡ ಎದ್ದು ಬಂದ.

"ನೀನು ಸುಮ್ನಿರೋ" ಎಂದರು ಮಾವ. "ಅವಳು ಕೇಳ್ಬೇಕಾದ್ದೇ ಕೇಳ್ತಿದ್ದಾಳೆ."

ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಅವರು ಹೇಳತೊಡಗಿದರು.

"ಮೊದಲು ಅಣ್ಣನಿಗೆ ಅಳೆದ್ವಿ. ಸರ್ವೆಯವರು ಮರದ ನೆರಳಲ್ಲಿ ಕೂತು ಬರೀತಿದ್ರು, ನಾನು ಬಿಸಿಲಲ್ಲಿ ಸರಪಳಿ ಎಳೆದು ಲೆಕ್ಕ ಕೂಗ್ತಿದ್ದೆ. ಅಣ್ಣ ಹೇಳಿದ, ಕಾಲುವೆ ನಂದು, ಆಚೆ ದಡದ ತನಕ ಅಳಿ ಅಂತ. ಅಳೆದೆ. ಮರುವರ್ಷ ತಮ್ಮನಿಗೆ, ಬೇರೆ ಸರ್ವೆಯವರು. ತಮ್ಮ ಹೇಳಿದ, ಕಾಲುವೆ ನಂದು, ಈಚೆ ದಡದ ತನಕ ಅಳಿ ಅಂತ. ನಾನು ಆಗಲೇ ಬಾಯಿ ಬಿಡ್ಬೇಕಿತ್ತು. ಬಿಟ್ರೆ ಅಲ್ಲೇ ದೊಣ್ಣೆ ಹಿಡೀತಿದ್ರು ಇಬ್ಬರೂ. ಒಣಗಿದ ಕಾಲುವೆ, ಯಾರಿಗೇನು ನಷ್ಟ ಅಂದ್ಕೊಂಡೆ. ಮಾತಿಲ್ಲದ ಅಣ್ಣ ತಮ್ಮ, ಇಬ್ಬರ ಕಾಗದ ಯಾವತ್ತೂ ಒಂದೇ ಮೇಜಿನ ಮೇಲೆ ಬರಲ್ಲ ಅಂದ್ಕೊಂಡೆ."

"ಬಂತಲ್ಲ" ಎಂದಳು ಸೊಸೆ.

"ಬಂತು. ಅದೂ ನಿನ್ನ ಮೇಜಿನ ಮೇಲೆ." ಅವರು ಬೀದಿಯ ಕಡೆ ಕೈ ತೋರಿಸಿದರು. "ಬೀದಿಯವರೆಲ್ಲ ಸರಪಳಿ ತಾತ ಅಂತಾರೆ ಕಣಮ್ಮ. ನನ್ನ ಹತ್ತಿರ ಇರೋದು ಅದೊಂದೇ. ಅದೂ ಹೋದ್ರೆ ಬಾಗಿಲ ಮುಂದೆ ಹೇಗೆ ಕೂತ್ಕೊಳ್ಳಲಿ?"

ಅವಳಿಗೆ ಕೋಪವೂ ಬಂತು, ಕರುಳೂ ಚುರುಕ್ಕೆಂದಿತು. ಎರಡನ್ನೂ ಮುಚ್ಚಿಡದೆ ಹೇಳಿದಳು: "ನನ್ನ ಹತ್ತಿರ ಇರೋದೂ ಅದೊಂದೇ ಕೋಣೆ ಮಾವ. ನೀವು ಹೇಳಿದ್ರೆ ಉಳಿಯುತ್ತೆ."

ಎರಡು ದಿನ ಮಾವ ಅರ್ಧ ತಟ್ಟೆ ಉಂಡು ಏಳುತ್ತಿದ್ದರು. ಮೂರನೆಯ ಬೆಳಿಗ್ಗೆ ಅವಳು ಚಹಾ ಲೋಟ ಹಿಡಿದು ಹೋದರೆ ಸ್ಟೂಲು ಖಾಲಿ. ಮಾವ ಅಡುಗೆಮನೆಯ ಅಟ್ಟಕ್ಕೆ ಏಣಿ ಹಾಕಿದ್ದರು. ಮೊಮ್ಮಗಳು ಕೆಳಗೆ ಏಣಿ ಹಿಡಿದು ನಿಂತಿದ್ದಳು.

"ಇಳೀರಿ, ಬೀಳ್ತೀರಿ!" ಎಂದು ಅತ್ತೆ ಕಿರುಚುತ್ತಿದ್ದರು.

"ಬಿದ್ರೆ ನೀನೇ ಅಳತೆ ತಗೋ" ಎಂದು ಮಾವ ಹಳೇ ಗೋಣಿಚೀಲವೊಂದನ್ನು ಕೆಳಗೆ ಬಿಟ್ಟರು. ಚೀಲ ಗಲಗಲ ಎಂದಿತು. ತುಕ್ಕು ಹಿಡಿದ ಸರಪಳಿ. "ಸೀಮೆಎಣ್ಣೆ ತಗೊಂಬಾ ಮಗೂ. ಉಜ್ಜಬೇಕು. ಯೂನಿಫಾರಂ ಅಕ್ಕ, ನಿನ್ನ ಇಂಜಿನಿಯರಿಗೆ ಹೇಳು, ಶುಕ್ರವಾರ ಬರಲಿ. ಅಳೆದವನು ಬದುಕಿದ್ದಾನೆ ಅಂತ ಹೇಳು."

ಶುಕ್ರವಾರ ಬೀದಿಗೆ ಬೀದಿಯೇ ಗೋಡೆಯ ಹತ್ತಿರ ನೆರೆದಿತ್ತು. ರಸ್ತೆಗೆ ಅಡ್ಡಗಾಲು ಹಾಕುತ್ತಿದ್ದಾರೆ ಎಂದು ವಾರದಿಂದ ಗೊಣಗುತ್ತಿದ್ದವರೂ ಬಂದಿದ್ದರು. ಇಂಜಿನಿಯರ್ ಮೂರು ಕಾಲಿನ ಅಳತೆ ಮಿಷನ್ ನಿಲ್ಲಿಸಿ, "ಕಲ್ಲು ಎಲ್ಲಿ ತಾತ?" ಎಂದ.

ಮಾವ ಸೀದಾ ತಮ್ಮ ಹಿತ್ತಿಲಿಗೆ ನಡೆದರು. ಮೂರು ಮೂಲೆಯ ಹಿತ್ತಿಲಿನ ಚೂಪು ತುದಿಯಲ್ಲಿ, ಗೋಡೆಯ ಬುಡದಲ್ಲಿ, ಅತ್ತೆ ನೀರಿನ ಕೊಡ ಇಡುತ್ತಿದ್ದ ಕಲ್ಲಿತ್ತು.

"ಕೊಡ ಎತ್ತು."

"ಇದಾ? ಇಷ್ಟು ವರ್ಷ ಇದರ ಮೇಲೇ ನೀರಿಟ್ಟಿದ್ದೀನಲ್ರೀ! ಹೇಳೋದಲ್ವಾ?"

"ಹೇಳಿದ್ರೆ ಎಲ್ಲಾ ಹೇಳ್ಬೇಕಾಗ್ತಿತ್ತು" ಎಂದು ಮಾವ ಮೊಣಕಾಲೂರಿ ಪಾಚಿ ಕೆರೆದರು. ಉಳಿಯಲ್ಲಿ ಕೊರೆದ ಮೂರು ಗೀಟು ಕಂಡವು. "ತಮ್ಮನ ಕಲ್ಲಿಗೆ ಮೂರು ಗೀಟು, ಅಣ್ಣನ ಕಲ್ಲಿಗೆ ಎರಡು. ಕೊರೆದವನು ನಾನೇ. ತಮ್ಮನ ಕಲ್ಲು ಅಣ್ಣನ ಬಡಾವಣೇಲಿ ಯಾಕಿದೆ ಅಂತ ಕೇಳಿ ಸಾರ್."

ಇಂಜಿನಿಯರ್ ಕೇಳುವ ಮೊದಲೇ ಮಾವ ತಿರುಗಿ, ನೆರೆದ ಜನಕ್ಕೆಲ್ಲ ಕೇಳುವಂತೆ, ಹಿಂದೆ ಹೊಲದಲ್ಲಿ ಲೆಕ್ಕ ಕೂಗುತ್ತಿದ್ದ ಅದೇ ದನಿಯಲ್ಲಿ ಹೇಳಿದರು: "ಒಂದೇ ಕಾಲುವೇನ ಇಬ್ಬರಿಗೂ ಅಳೆದುಕೊಟ್ಟೆ. ತಪ್ಪು ನಂದು. ಎರಡು ಗೀಟಿನ ಕಲ್ಲು ಆಚೆ ಪೊದೇಲಿದೆ. ಇಲ್ಲಿಂದ ಸರಿಯಾಗಿ ಹದಿನಾರು ಅಡಿ."

ಗಂಡ ಕತ್ತಿ ಹಿಡಿದು ಗೋಡೆ ಹಾರಿದ. ಅಪ್ಪನ ಮಾತಿಗೆ ಎದುರಾಡದೆ, ಹೆಂಡತಿಯ ಮಾತಿಗೆ ಒಪ್ಪದೆ ನಡುವೆ ತೂಗಾಡಿದ್ದವನು, ಅವತ್ತು ಪೊದೆಯ ಮೇಲೆ ತನ್ನ ಸಿಟ್ಟೆಲ್ಲ ತೀರಿಸಿಕೊಂಡ. ಅವನ ಹಿಂದೆ ನಾಲ್ಕಾರು ಜನ ಹಾರಿದರು. ಗೋಡೆಯ ಮೇಲೆ ಕೂತ ಮೊಮ್ಮಗಳು ಆಚೆಯ ಸುದ್ದಿಯನ್ನು ಈಚೆಗೆ ಹೇಳುತ್ತಿದ್ದಳು. ಮೊದಲು ಸಿಕ್ಕಿದ್ದು ಕಲ್ಲಲ್ಲ, ಬರೀ ಇಟ್ಟಿಗೆ ಚೂರು. ಮತ್ತೆ ಇಟ್ಟಿಗೆ. ಕಲ್ಲನ್ನು ಯಾರಾದರೂ ಕಿತ್ತುಕೊಂಡು ಹೋಗಿದ್ದರೆ?

"ಸಿಕ್ತು!" ಎಂದು ಗಂಡ ಕೂಗಿದ. "ಎರಡು ಗೀಟು! ಅಪ್ಪಾ, ಎರಡು ಗೀಟು ಇದೆ!"

ಗೋಡೆಯ ಮೇಲಿಂದ ಸರಪಳಿ ದಾಟಿಸಿದರು. ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ಮಗನ ಕೈಯಲ್ಲಿ. ಇಂಜಿನಿಯರ್ ತನ್ನ ಮಿಷನ್ನಿನ ಕಣ್ಣಿಗೆ ಕಣ್ಣಿಟ್ಟ. ಮಾವ ಬಿಗಿಯಾಗಿ ಎಳೆದು, ಕೊಂಡಿಗಳನ್ನು ಬೆರಳಲ್ಲಿ ಎಣಿಸಿ ಕೂಗಿದರು:

"ಹದಿನಾರಡಿ!"

ಇಂಜಿನಿಯರ್ ಮಿಷನ್ನಿನಿಂದ ತಲೆ ಎತ್ತಿದ. "ಹದಿನಾರಡಿ, ಅರ್ಧ ಇಂಚು."

"ಆ ಅರ್ಧ ಇಂಚು ನಿಮ್ಮ ಮಿಷನ್ನಿನ ತಪ್ಪು ಸಾರ್" ಎಂದರು ಮಾವ. ಬೀದಿಗೆ ಬೀದಿಯೇ ಹೋ ಎಂದು ನಕ್ಕಿತು. ಯಾರೋ ಶಿಳ್ಳೆ ಹೊಡೆದರು. ತಪ್ಪು ಒಪ್ಪಿಕೊಂಡ ಮುದುಕರನ್ನು ಯಾರೂ ಹೀಯಾಳಿಸಲಿಲ್ಲ.

ಇಂಜಿನಿಯರ್ ಅಲ್ಲೇ, ಅವಳ ಕತ್ತರಿಸುವ ಮೇಜಿನ ಮೇಲೆ, ಎರಡು ಹಾಳೆಗಳನ್ನು ಕಾಲುವೆಯ ಮೇಲೆ ಕಾಲುವೆ ಇಟ್ಟು ಹೊಸದಾಗಿ ಕೂಡಿಸಿದ. ಕಾಲುವೆ ಓರೆಯಾಗಿದ್ದರಿಂದ ಅದರ ಹದಿನಾರು ಅಡಿ ಎರಡು ಸಲ ಲೆಕ್ಕಕ್ಕೆ ಬಂದು ರಸ್ತೆಯನ್ನು ಹನ್ನೊಂದು ಅಡಿ ಪಕ್ಕಕ್ಕೆ ತಳ್ಳಿತ್ತು. ಈಗ ಆ ಹನ್ನೊಂದು ಅಡಿ ಇಲ್ಲ. ಟೇಪು ಹುಡುಕುತ್ತಿದ್ದವನ ಕೈಗೆ ಅವಳು ಗುಂಡುಸೂಜಿಯ ಡಬ್ಬಿ ಕೊಟ್ಟಳು.

"ಇದೇ ಗಟ್ಟಿ ಸಾರ್" ಎಂದಳು.

ಅವನು ನಕ್ಕು, ಸೂಜಿ ಚುಚ್ಚಿ, ಮೂಲೆಯಲ್ಲಿ ಸಹಿ ಹಾಕಿದ. ಹೊರಗೆ ಬಂದು, ಜೊತೆಯವನ ಕೈಯಲ್ಲಿ ಕೆಂಪು ಗೀಟಿನ ಮೇಲೆ ಸುಣ್ಣ ಬಳಿಸಿದ. ಅವಳು ಸುಣ್ಣ ಒಣಗುವ ತನಕ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತು, ಯಾರಿಗೂ ಕಾಣದಂತೆ ಪಟ್ಟೆ ಬಟ್ಟೆಯ ತುಂಡಿನಲ್ಲಿ ಕಣ್ಣೊರೆಸಿಕೊಂಡಳು. ಗೆದ್ದೆ ಎಂದು ಅವಳಿಗೆ ಅನ್ನಿಸಿದ್ದು ಆಗ.

ಆ ಸಂಜೆ ಅತ್ತೆಯೇ ಅಡುಗೆ ಮಾಡಿದರು, ಮಂಡಿನೋವು ಎಲ್ಲಿ ಹೋಯಿತೋ. ಮಾವ ಎರಡನೇ ಸಲ ಅನ್ನ ಹಾಕಿಸಿಕೊಂಡರು.

"ಇನ್ಮೇಲೆ ಮನೇಲಿ ಗಟ್ಟಿಯಾಗಿ ಮಾತಾಡೋಳು ಇವಳೇ" ಎಂದ ಗಂಡ, ಹೆಂಡತಿಯ ತಟ್ಟೆಗೆ ತರಕಾರಿ ಬಡಿಸುತ್ತ.

"ಮಾತಾಡಲಿ. ಅಳತೆ ಸರಿಯಾಗಿದೆ" ಎಂದರು ಮಾವ.

ಗೋಡೆ ಬಿದ್ದದ್ದು ಅದಾದ ಐದು ವಾರಕ್ಕೆ. ಡಾಂಬರು ಆರುವ ಮೊದಲೇ ಜನ ಆಚೆ ಈಚೆ ಓಡಾಡಿ ಚಪ್ಪಲಿ ಕಪ್ಪು ಮಾಡಿಕೊಂಡರು. ಬೀದಿಯಿಂದ ನೀಲಿ ಚಾವಣಿಗೆ ಮಗಳು ಓಡಿ ನೋಡಿದಳು, ಎರಡು ನಿಮಿಷ. ಅವಳಮ್ಮ ತಲೆಯ ಮೇಲೆ ಯೂನಿಫಾರಂ ಗಂಟು ಹೊತ್ತು, ಕೈ ಬೀಸಿಕೊಂಡು ನಡೆದಳು, ನಾಲ್ಕು ನಿಮಿಷ.

ಮುಂದಿನ ತಿಂಗಳು ಬೀದಿಗೆ ಹೊಸ ಬಾಡಿಗೆಯವರು ಬಂದರು. ಕೊನೆಯ ಮನೆಯ ಮುಂದೆ ನಿಂತು, "ತಾತ, ಬಸ್ ನಿಲ್ದಾಣ ಎಲ್ಲಿ?" ಎಂದರು.

ಸ್ಟೂಲಿನ ಮೇಲಿದ್ದ ಮಾವ ನೆಟ್ಟಗೆ ಕೂತರು. "ಅಗೋ ಅಲ್ಲಿ. ನೇರ ಹೋಗಿ. ಆದ್ರೆ ಈ ನೇರದ ಹಿಂದೆ ಒಂದು ಕಥೆ ಇದೆ. ಇಲ್ಲೊಂದು ಕಾಲುವೆ ಇತ್ತು. ನಾನು ಒಂದು ತಪ್ಪು ಮಾಡಿದ್ದೆ, ನನ್ನ ಸೊಸೆ ಅದನ್ನ..."

"ಮಾವ, ಅವರಿಗೆ ಬಸ್ಸು ತಪ್ಪುತ್ತೆ" ಎಂದಳು, ಐದು ನಿಮಿಷ ಕಥೆ ಕೇಳಿಸಿಕೊಂಡ ಸೊಸೆ, ಕೋಣೆಯ ಕಿಟಕಿಯಿಂದ.

ಮಾವ ತಿರುಗಿ ನೋಡಿದರು. ಹೊಸಬರು ಆಗಲೇ ನೀಲಿ ಚಾವಣಿಯ ಕೆಳಗೆ ನಿಂತು, ಬರುತ್ತಿದ್ದ ಬಸ್ಸಿಗೆ ಕೈ ತೋರಿಸುತ್ತಿದ್ದರು.